ಸೇಂಟ್ ಪೀಟರ್ಸ್‌ಬರ್ಗ್: ಒಂದು ದಿನ ಅರಮನೆ, ಮರುದಿನ ಮುತ್ತಿಗೆಯ ಗುರುತು

ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುವವರು ಸಾಮಾನ್ಯವಾಗಿ ಅರಮನೆಗಳ ಪಟ್ಟಿ ಹಿಡಿದುಕೊಂಡು ಹೋಗುತ್ತಾರೆ. ನಾನು ಅದರ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಮಾಡಿಕೊಂಡಿದ್ದೆ. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಹೆಸರು ಲೆನಿನ್‌ಗ್ರಾಡ್. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ, 872 ದಿನ, ಜರ್ಮನ್ ಸೇನೆ ಇದನ್ನು ಸುತ್ತುಗಟ್ಟಿತ್ತು. ಆ ದಿನಗಳ ಗುರುತು ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕಿ ಬರೆದಿಟ್ಟುಕೊಂಡೆ. ಒಂದು ದಿನ ಅರಮನೆ ನೋಡಿದರೆ ಮರುದಿನ ಮುತ್ತಿಗೆಯ ಜಾಗ. ಹೀಗೆ ನೋಡಿದ್ದಕ್ಕೇ ಈ ಊರು ನನಗೆ ಅರ್ಥವಾಯಿತು ಅನಿಸುತ್ತದೆ. ನೀವು ಹೋಗುವುದಾದರೆ ನಿಮಗೂ ಇದನ್ನೇ ಹೇಳುತ್ತೇನೆ.

ಮೊದಲು ತಯಾರಿಯ ಮಾತು. 2023ರ ಆಗಸ್ಟ್‌ನಿಂದ ಭಾರತೀಯರಿಗೆ ಇ-ವೀಸಾ ಸಿಗುತ್ತದೆ, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ದುಡ್ಡಿನ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡು ಅಲ್ಲಿ ನಡೆಯುವುದಿಲ್ಲ. ನಾನು ಮಡಿಕೆ, ಗೀಚು ಇಲ್ಲದ ಹೊಸ ಡಾಲರ್ ನೋಟು ಒಯ್ದು, ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಂಡೆ. ಹೋಟೆಲು, ಊಟ, ಓಡಾಟ ಎಲ್ಲಕ್ಕೂ ನಗದೇ. ಮಾಸ್ಕೋದಿಂದ ಸಪ್ಸಾನ್ ರೈಲು ಹಿಡಿದರೆ ಸುಮಾರು 650 ಕಿಲೋಮೀಟರ್ ದಾರಿ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಹೊರಡುವ ಮುಂಚೆ ರಷ್ಯನ್ ಅಕ್ಷರ ಓದುವಷ್ಟು ಕಲಿತಿದ್ದೆ. ಮೆಟ್ರೊ ಬೋರ್ಡು, ಹೋಟೆಲಿನ ಮೆನು ನೋಡುವಾಗ ಅದು ತುಂಬಾ ಉಪಯೋಗಕ್ಕೆ ಬಂತು. ಉಕ್ರೇನ್ ಯುದ್ಧದ ಕಾಲ ಆದ್ದರಿಂದ ಟಿಕೆಟ್ ಮಾಡಿಸುವ ಮುಂಚೆ ವಿಮಾನ, ಇಂಟರ್‌ನೆಟ್ ಪರಿಸ್ಥಿತಿ ಹೇಗಿದೆ ಅಂತ ವಿಚಾರಿಸಿಕೊಳ್ಳಿ.

ಹೋಗುವುದಾದರೆ ಜೂನ್‌ನಲ್ಲಿ ಹೋಗಿ. ಊರು ಇರುವುದು ಹೆಚ್ಚುಕಮ್ಮಿ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ತಿಂಗಳು ಸೂರ್ಯ ರಾತ್ರಿ ಹತ್ತು ದಾಟಿದ ಮೇಲೆ ಮುಳುಗುತ್ತಾನೆ. ಮುಳುಗಿದ ಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಇದನ್ನು ಅಲ್ಲಿನವರು ಬಿಳಿ ರಾತ್ರಿ ಅನ್ನುತ್ತಾರೆ. ಊಟ ಮುಗಿಸಿ ಹನ್ನೊಂದು ಗಂಟೆಗೆ ನೆವಾ ನದಿಯ ದಂಡೆಗೆ ಹೋದರೆ ಅಜ್ಜಿಯರು, ಮಕ್ಕಳು, ಗಿಟಾರ್ ಹಿಡಿದ ಹುಡುಗರು ಎಲ್ಲರೂ ಅಲ್ಲೇ. ರಾತ್ರಿ ಒಂದು ದಾಟಿದ ಮೇಲೆ ಅರಮನೆ ಸೇತುವೆ ಮಧ್ಯಕ್ಕೆ ಎರಡು ಹೋಳಾಗಿ ಮೇಲೇಳುತ್ತದೆ. ದೊಡ್ಡ ಸರಕಿನ ಹಡಗುಗಳು ದಾಟಲಿ ಅಂತ ಈ ವ್ಯವಸ್ಥೆ. ನೆವಾದ ಸೇತುವೆಗಳು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹೀಗೆ ರಾತ್ರಿ ತೆರೆದುಕೊಳ್ಳುತ್ತವೆ. ಆದ್ದರಿಂದ ಕೋಣೆಯನ್ನು ಊರಿನ ಮುಖ್ಯ ಬೀದಿಯಾದ ನೆವ್ಸ್ಕಿ ರಸ್ತೆಯ ಕಡೆಯೇ ಹಿಡಿಯಿರಿ. ಆಚೆ ದಂಡೆಯಲ್ಲಿ ಕೋಣೆ ಇದ್ದರೆ ಸೇತುವೆ ಇಳಿಯುವವರೆಗೂ ಈಚೆ ಕಾಯಬೇಕು. ಮೆಟ್ರೊನೂ ಅಷ್ಟು ಹೊತ್ತಿಗೆ ಬಂದ್ ಆಗಿರುತ್ತದೆ.

ಮೊದಲ ದಿನ ಟಿಕೆಟ್ ಇರುವ ಯಾವ ಜಾಗಕ್ಕೂ ಹೋಗಲಿಲ್ಲ, ಸುಮ್ನೆ ನಡೆದೆ. ನೆವ್ಸ್ಕಿ ರಸ್ತೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಕಜಾನ್ ಕೆಥೆಡ್ರಲ್‌ನ ಕಂಬಸಾಲು, ಕಾಲುವೆಯ ತುದಿಯಲ್ಲಿ ಬಣ್ಣಬಣ್ಣದ ಗುಮ್ಮಟಗಳ ಚೆಲ್ಲಿದ ರಕ್ತದ ಚರ್ಚು, ಎಲ್ಲ ಅಕ್ಕಪಕ್ಕದಲ್ಲೇ ಸಿಗುತ್ತವೆ. 1881ರಲ್ಲಿ ಎರಡನೇ ಅಲೆಕ್ಸಾಂಡರ್ ದೊರೆಯ ಮೇಲೆ ಬಾಂಬ್ ಬಿದ್ದ ಜಾಗದಲ್ಲೇ ಈ ಚರ್ಚು ಕಟ್ಟಿದ್ದು. ಒಳಗೆ 7,000 ಚದರ ಮೀಟರ್‌ಗೂ ಜಾಸ್ತಿ ಮೊಸಾಯಿಕ್ ಕೆಲಸ ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆವ್ಸ್ಕಿ 14ನೇ ನಂಬರಿನ ಕಟ್ಟಡ. ಅದೊಂದು ಶಾಲೆ. ಗೋಡೆಯ ಮೇಲೆ ನೀಲಿ ಬಣ್ಣ ಬಳಿದು ಬಿಳಿ ಅಕ್ಷರದಲ್ಲಿ ಬರೆದಿದೆ: ನಾಗರಿಕರೇ, ಫಿರಂಗಿ ದಾಳಿಯ ಹೊತ್ತಿನಲ್ಲಿ ರಸ್ತೆಯ ಈ ಬದಿ ಹೆಚ್ಚು ಅಪಾಯಕಾರಿ. ಮುತ್ತಿಗೆಯ ಕಾಲದ ಬರಹ ಅದು, ಆಮೇಲೆ ಮತ್ತೆ ಬರೆಸಿ ಉಳಿಸಿಕೊಂಡಿದ್ದಾರೆ. ಕೆಳಗೆ ಯಾರೋ ಹೂವಿಟ್ಟಿದ್ದರು. ಫುಟ್‌ಪಾತಿನಲ್ಲಿ ಜನ ಐಸ್‌ಕ್ರೀಮ್ ತಿನ್ನುತ್ತಾ ಹೋಗುತ್ತಿದ್ದರು.

ಹರ್ಮಿಟೇಜ್ ಮ್ಯೂಸಿಯಂ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 30 ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆಯಂತೆ, ನೋಡಿ ಮುಗಿಯಲ್ವಂತೆ. ಮುಗಿಸುವ ಆಸೆಯನ್ನೇ ನಾನು ಇಟ್ಟುಕೊಳ್ಳಲಿಲ್ಲ. ರೆಂಬ್ರಾಂಟ್ ಕೋಣೆ, ಲಿಯೊನಾರ್ಡೊನ ಎರಡು ಮಡೋನಾ ಚಿತ್ರಗಳು, ಚೌಕದಾಚೆಯ ಜನರಲ್ ಸ್ಟಾಫ್ ಕಟ್ಟಡದಲ್ಲಿ ಮತೀಸ್ ಬರೆದ ಕುಣಿತದ ಚಿತ್ರ. ಇಷ್ಟೇ ಅಂತ ಗೊತ್ತುಮಾಡಿಕೊಂಡು ಹೋದೆ. ಸೋಮವಾರ ರಜೆ, ಟಿಕೆಟ್ ಮೊದಲೇ ತೆಗೆದಿಡಿ.

ರೆಂಬ್ರಾಂಟ್‌ನ ಚಿತ್ರದಲ್ಲಿ ಮನೆಬಿಟ್ಟು ಹೋದ ಮಗ ವಾಪಸ್ ಬಂದು ಅಪ್ಪನ ಮುಂದೆ ಮೊಣಕಾಲೂರಿದ್ದಾನೆ. ಆಳೆತ್ತರಕ್ಕಿಂತ ದೊಡ್ಡ ಚಿತ್ರ. ಮಗನ ಮುಖ ಸರಿಯಾಗಿ ಕಾಣುವುದಿಲ್ಲ, ಅಂಗಾಲು ಕಾಣುತ್ತದೆ. ಎಡಗಾಲಿನ ಚಪ್ಪಲಿ ಕಳಚಿದೆ, ಅಂಗಾಲಿನ ತುಂಬಾ ಕೊಳೆ. ಬೆನ್ನ ಮೇಲೆ ಅಪ್ಪನ ಎರಡು ಕೈ. ಒಂದು ಕೈ ಗಟ್ಟಿ, ಒಂದು ಮೆತ್ತಗೆ. ಅಲ್ಲಿಂದ ಏಳಲು ನನಗೆ ಮನಸ್ಸೇ ಬರಲಿಲ್ಲ. 1941ರಲ್ಲಿ ಮ್ಯೂಸಿಯಂನ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ರೈಲಿನಲ್ಲಿ ಯುರಾಲ್ ಕಡೆಗೆ ಸಾಗಿಸಿದರು. ಚಿತ್ರಗಳನ್ನು ಬಿಡಿಸಿಕೊಂಡು, ಖಾಲಿ ಚೌಕಟ್ಟುಗಳನ್ನು ಗೋಡೆಯಲ್ಲೇ ಬಿಟ್ಟರು. ಮುತ್ತಿಗೆಯ ಮಧ್ಯೆ ಬಂದ ಸೈನಿಕರಿಗೆ ಅಲ್ಲಿನ ಸಿಬ್ಬಂದಿ ಆ ಖಾಲಿ ಚೌಕಟ್ಟುಗಳ ಮುಂದೆ ನಿಂತು, ಇಲ್ಲಿ ಈ ಚಿತ್ರ ಇತ್ತು, ಅದರಲ್ಲಿ ಇದಿತ್ತು ಅಂತ ಒಂದೊಂದನ್ನೇ ವಿವರಿಸಿದರಂತೆ. ಇದನ್ನು ತಿಳಿದುಕೊಂಡು ಆ ಕೋಣೆಯಲ್ಲಿ ನಿಂತರೆ ಚಿನ್ನದ ಚೌಕಟ್ಟೂ ಬೇರೆ ಥರ ಕಾಣುತ್ತದೆ.

ಪೀಟರ್‌ಹಾಫ್ ಅರಮನೆ ಊರಾಚೆ ಇದೆ. ಬೇಸಿಗೆಯಲ್ಲಿ ನೆವಾದಿಂದ ವೇಗದ ದೋಣಿ ಹೋಗುತ್ತದೆ. ಅಲ್ಲಿನ ಕಾರಂಜಿಗಳಿಗೆ ಪಂಪ್ ಇಲ್ಲ. ದೂರದ ರೋಪ್ಷಾ ಎತ್ತರದಿಂದ ಕಾಲುವೆಯಲ್ಲಿ ನೀರು ಇಳಿದು ಬಂದು, ಬರೀ ಆ ಇಳಿಜಾರಿನ ಒತ್ತಡಕ್ಕೆ ಚಿಮ್ಮುತ್ತದೆ. 1721ರಲ್ಲಿ ಮಾಡಿದ ವ್ಯವಸ್ಥೆ ಇದು. ಸಿಂಹದ ಬಾಯಿ ಸೀಳುವ ಸ್ಯಾಮ್ಸನ್ ಮೂರ್ತಿಯಿಂದ ನೀರು ಸುಮಾರು 20 ಮೀಟರ್ ಎತ್ತರಕ್ಕೆ ಏಳುತ್ತದೆ. ಹಳೆಯ ಸ್ಯಾಮ್ಸನ್ ಯುದ್ಧದಲ್ಲಿ ಕಾಣೆಯಾಯಿತು. ಈಗಿರುವುದು 1947ರಲ್ಲಿ ಮತ್ತೆ ಮಾಡಿ ನಿಲ್ಲಿಸಿದ್ದು. ಮುತ್ತಿಗೆಯ ಹಸಿವಿನಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಊರು, ಯುದ್ಧ ಮುಗಿದ ಎರಡೇ ವರ್ಷಕ್ಕೆ ಕಾರಂಜಿಯನ್ನು ಎಬ್ಬಿಸಿ ನಿಲ್ಲಿಸಿತು!

ಊಟದ ಚಿಂತೆ ನಮ್ಮವರಿಗೆ ಇದ್ದೇ ಇರುತ್ತದೆ. ಸ್ತಲೋವಯಾ ಅನ್ನುವ ಕ್ಯಾಂಟೀನುಗಳಿಗೆ ಹೋಗಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಸಾಕು. ಬೇಯಿಸಿದ ಗ್ರೆಚ್ಕಾ ಧಾನ್ಯ, ಬೀಟ್‌ರೂಟ್ ಹಾಕಿದ ವಿನೆಗ್ರೆತ್, ಆಲೂಗಡ್ಡೆ ತುಂಬಿದ ವರೆನಿಕಿ, ಗಟ್ಟಿ ಕಪ್ಪು ಬ್ರೆಡ್, ಎಲ್ಲ ಹಿತವಾಗಿರುತ್ತದೆ. ಎಲ್ಲದರ ಮೇಲೂ ಹಸಿ ಸಬ್ಬಸಿಗೆ ಸೊಪ್ಪು! ನಮ್ಮ ಸಬ್ಬಸಿಗೆಯ ಘಮ ಅಷ್ಟು ದೂರದಲ್ಲಿ ಸಿಕ್ಕಿದ್ದು ನನಗೆ ಬಹಳ ಖುಷಿ ಕೊಟ್ಟಿತು. ಮಾಂಸ ಬೇಡ ಅನ್ನುವವರು ಪೋಸ್ಟ್ನೊಯೆ ಅಂತ ಕೇಳಿ. ಅಲ್ಲಿನ ಉಪವಾಸದ ಅಡುಗೆ ಅದು, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ.

ಬೆಂಗಳೂರಿನ ಕಡೆಯವರಿಗೆ ಒಂದು ಮಾತು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ ದೇವಿಕಾ ರಾಣಿಯವರ ಜೊತೆ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ಇದೇ ಊರಿನಲ್ಲಿ, 1904ರಲ್ಲಿ. ತೀರಿಕೊಂಡಿದ್ದು 1993ರಲ್ಲಿ ಬೆಂಗಳೂರಿನಲ್ಲಿ. ವಾಸಿಲಿಯೆವ್ಸ್ಕಿ ದ್ವೀಪದಲ್ಲಿ ಆ ಕುಟುಂಬದ ಮ್ಯೂಸಿಯಂ ಇದೆ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳನ್ನು ನೋಡಿ ಬೆಳೆದ ನನಗೆ ಅದನ್ನು ಬಿಟ್ಟು ಬರುವುದು ಸಾಧ್ಯವೇ ಇರಲಿಲ್ಲ.

ಈಗ ನನ್ನ ಎರಡನೇ ಪಟ್ಟಿಗೆ ಬರುತ್ತೇನೆ. ಸೇಂಟ್ ಐಸಾಕ್ ಕೆಥೆಡ್ರಲ್‌ಗೆ ಎಲ್ಲರೂ ಹೋಗುತ್ತಾರೆ, 262 ಮೆಟ್ಟಿಲು ಹತ್ತಿ ಊರು ನೋಡುತ್ತಾರೆ. ಅದೇ ಚೌಕದಲ್ಲಿ ಸಸ್ಯವಿಜ್ಞಾನಿ ವಾವಿಲೋವ್ ಅವರ ಹೆಸರಿನ ಸಸ್ಯ ಸಂಶೋಧನಾ ಸಂಸ್ಥೆಯ ಕಟ್ಟಡವಿದೆ. ಜಗತ್ತಿನ ಮೂಲೆಮೂಲೆಯಿಂದ ತಂದ ಬಿತ್ತನೆ ಬೀಜದ ಭಂಡಾರ ಅಲ್ಲಿತ್ತು. ಮುತ್ತಿಗೆಯಲ್ಲಿ ಅಲ್ಲಿನ ವಿಜ್ಞಾನಿಗಳು ಆ ಬೀಜ ಕಾದರು, ತಿನ್ನಲಿಲ್ಲ. ಭತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್ ಅಕ್ಕಿಯ ಪೊಟ್ಟಣಗಳ ನಡುವೆಯೇ ಹಸಿವಿನಿಂದ ಸತ್ತರು. ಶೇಂಗಾ ತಜ್ಞ ಅಲೆಕ್ಸಾಂಡರ್ ಷುಕಿನ್ ಬರೆಯುವ ಮೇಜಿನ ಮೇಲೆಯೇ ಸತ್ತರು. ಹೊರಗಿನಿಂದಷ್ಟೇ ನೋಡಿದೆ. ಬಿತ್ತನೆ ಕಾಳನ್ನು ಹಸಿದರೂ ಮುಟ್ಟಬಾರದು ಅನ್ನುವ ಮಾತು ನಮ್ಮ ರೈತರ ಮನೆಗಳಲ್ಲೂ ಇದೆಯಲ್ವಾ? ಅದನ್ನು ಪ್ರಾಣ ಕೊಟ್ಟು ಉಳಿಸಿದವರ ಕಟ್ಟಡದ ಮುಂದೆ ನಿಲ್ಲುವುದೇ ದೊಡ್ಡ ವಿಷಯ.

ಸೊಲ್ಯಾನೊಯ್ ಓಣಿಯಲ್ಲಿ ಮುತ್ತಿಗೆಯ ಮ್ಯೂಸಿಯಂ ಇದೆ. ಅಲ್ಲಿ 125 ಗ್ರಾಂ ಬ್ರೆಡ್ ಇಟ್ಟಿದ್ದಾರೆ. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳು, ಮನೆಯಲ್ಲಿರುವವರು, ಗುಮಾಸ್ತರು, ಇವರಿಗೆಲ್ಲ ದಿನಕ್ಕೆ ಸಿಗುತ್ತಿದ್ದ ರೇಷನ್ ಅಷ್ಟೇ. ಅದೂ ಪೂರ್ತಿ ಹಿಟ್ಟಲ್ಲ. ನಮ್ಮಲ್ಲಿ ದನಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿ, ಮರದ ಸೆಲ್ಯುಲೋಸ್ ಅದರಲ್ಲಿ ಬೆರೆತಿತ್ತು. ಲಡೋಗಾ ಸರೋವರದ ಹೆಪ್ಪುಗಟ್ಟಿದ ಮಂಜಿನ ಮೇಲೆ ಲಾರಿ ಓಡಿಸಿ ಹಿಟ್ಟು ತಂದರು, ಕೆಲವು ಲಾರಿ ಮುಳುಗಿದವು. ಸತ್ತವರ ಅಂದಾಜು 6 ಲಕ್ಷದಿಂದ 10 ಲಕ್ಷದ ಮೇಲಿನವರೆಗೂ ಇದೆ.

ಅವರಲ್ಲಿ ಸುಮಾರು 4 ಲಕ್ಷ 20 ಸಾವಿರ ನಾಗರಿಕರು, 70 ಸಾವಿರ ಸೈನಿಕರು ಪಿಸ್ಕರ್ಯೋವ್ಸ್ಕೊಯೆ ಸ್ಮಶಾನದಲ್ಲಿದ್ದಾರೆ. ಉದ್ದುದ್ದ ಹಸಿರು ದಿಬ್ಬಗಳು. ಕಲ್ಲಿನ ಮೇಲೆ ಹೆಸರಿಲ್ಲ, ಇಸವಿ ಮಾತ್ರ. ಹೆಚ್ಚಿನವು 1942. ಸೈನಿಕರ ದಿಬ್ಬಕ್ಕೆ ನಕ್ಷತ್ರದ ಗುರುತು, ನಾಗರಿಕರದ್ದಕ್ಕೆ ಕುಡುಗೋಲು ಸುತ್ತಿಗೆ. ಹೂವು ತೆಗೆದುಕೊಳ್ಳುವಾಗ ಅಂಗಡಿಯಾಕೆ ಎಲ್ಲಿಗೆ ಅಂತ ಕೇಳಿದರು. ಹೆಸರು ಹೇಳಿದೆ. ನಾಲ್ಕು ಕಾರ್ನೇಷನ್ ಕಟ್ಟಿಕೊಟ್ಟರು. ತೀರಿಹೋದವರಿಗೆ ಅಲ್ಲಿ ಸರಿಸಂಖ್ಯೆಯ ಹೂವು ಇಡುತ್ತಾರೆ, ಬೆಸಸಂಖ್ಯೆ ಬದುಕಿರುವವರಿಗೆ.

ಹೋಗಲು ಮೆಟ್ರೊದಲ್ಲಿ ಪ್ಲೋಷದ್ ಮುಝೆಸ್ತ್ವಾ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ ಹಿಡಿಯಬೇಕು. ಜನವರಿ 27, ಯುದ್ಧ ಗೆದ್ದ ದಿನವಾದ ಮೇ 9, ಸೆಪ್ಟೆಂಬರ್ 8ರಂದು ಊರಿನ ಜನ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಬೇರೆ ದಿನಗಳಲ್ಲಿ ಬೆಳಿಗ್ಗೆ ಹೋಗಿ. ಅರ್ಧ ದಿನ ಇಟ್ಟುಕೊಳ್ಳಿ, ಅದೇ ದಿನಕ್ಕೆ ಇನ್ನೊಂದು ಅರಮನೆ ಸೇರಿಸಬೇಡಿ.