ಹನ್ನೊಂದನೆಯದು ಒಣಗಿ ನಿಂತಿತು

ನಮ್ಮ ಶಾಲೆಯ ಕಪಾಟಿನಲ್ಲಿ ಈಗ ಒಂದು ಆಡಿನ ಶ್ವಾಸಕೋಶ ಇದೆ. ಫಾರ್ಮಲಿನ್ ಬಾಟಲಿಯಲ್ಲಿ ಮುಳುಗಿ ಬೂದಿ ಬಣ್ಣಕ್ಕೆ ತಿರುಗಿದ್ದಲ್ಲ. ಪೂರ್ತಿ ಉಸಿರೆಳೆದುಕೊಂಡ ಹಾಗೆ ಉಬ್ಬಿ, ಒಣಗಿ, ಜೋಳದ ಖಡಕ್ ರೊಟ್ಟಿಯ ಬಣ್ಣದಲ್ಲಿ ನಿಂತಿದೆ. ವಾಸನೆ ಇಲ್ಲ, ಮಕ್ಕಳು ಕೈಯಲ್ಲಿ ಹಿಡಿಯಬಹುದು. ಹಸಿಯಾಗಿದ್ದಾಗ ಮುನ್ನೂರೈವತ್ತು ಗ್ರಾಂ ಇದ್ದದ್ದು ಈಗ ಎಪ್ಪತ್ತರ ಆಸುಪಾಸು ತೂಗುತ್ತದೆ. ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಮಾಡಿದ್ದು. ಅದಕ್ಕೂ ಮೊದಲು ಎರಡು ಬೇಸಿಗೆಗಳಲ್ಲಿ ಹತ್ತು ಹಾಳಾದವು. ಆಗುವುದಿಲ್ಲ ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. ಉಸಿರಾಟದ ಪಾಠಕ್ಕೆ ಬಾಟಲಿ, ಎರಡು ಬಲೂನು, ರಬ್ಬರ್ ಹಾಳೆಯ ಒಂದು ಮಾದರಿಯಿದೆ: ಬಾಟಲಿಯ ತಳಕ್ಕೆ ಕಟ್ಟಿದ ಹಾಳೆಯನ್ನು ಕೆಳಗೆಳೆದರೆ ಒಳಗಿನ ಬಲೂನುಗಳು ಶ್ವಾಸಕೋಶದಂತೆ ಉಬ್ಬುತ್ತವೆ. ನಾನೂ ಹದಿನೆಂಟು ವರ್ಷ ಅದನ್ನೇ ತೋರಿಸಿದೆ. ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಕೆಳಗಿಳಿದರೆ ಎದೆಗೂಡಿನೊಳಗಿನ ಒತ್ತಡ ಇಳಿಯುತ್ತದೆ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ಆದರೆ ಶ್ವಾಸಕೋಶ ಟೊಳ್ಳು ಎಂಬ ಸುಳ್ಳನ್ನೂ ಮಕ್ಕಳ ತಲೆಯಲ್ಲಿ ಬಿತ್ತುತ್ತದೆ. ಒಮ್ಮೆ ಹತ್ತನೆಯ ತರಗತಿಯಲ್ಲಿ, ಶ್ವಾಸಕೋಶವನ್ನು ಅಡ್ಡ ಕೊಯ್ದರೆ ಒಳಗೆ ಕಾಣುವುದನ್ನು ಚಿತ್ರಿಸಿ ಎಂದೆ. ನಲವತ್ತು ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಖಾಲಿ ವೃತ್ತ ಬರೆದರು. ಎರಡೂ ಶ್ವಾಸಕೋಶಗಳಲ್ಲಿ ಸುಮಾರು 30 ಕೋಟಿ ಗಾಳಿಗೂಡುಗಳು (ಗಾಳಿ ತುಂಬುವ ಸೂಕ್ಷ್ಮ ಚೀಲಗಳು) ಇವೆ ಎಂದು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರೇ ಅವರು.

ಇದು ಅಂಕದ ವಿಷಯವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನಮ್ಮ ಕಡೆಯ ಎಷ್ಟೋ ಮಕ್ಕಳ ತಂದೆಯಂದಿರು ಕಲ್ಲು ಕೊರೆಯುವ, ಪಾಲಿಶ್ ಮಾಡುವ ಕೆಲಸದಲ್ಲಿದ್ದಾರೆ. ಸಂಜೆ ಮನೆಗೆ ಬಂದಾಗ ಅವರ ರೆಪ್ಪೆಯ ಮೇಲೂ ದೂಳು. ಬಲೂನಿನೊಳಗೆ ಹೋದ ದೂಳು ಉಸಿರಿನ ಜೊತೆ ಹೊರಗೆ ಬಂದುಬಿಡುತ್ತದೆ ಎಂದು ಮಗು ತಿಳಿದರೆ ಅದು ಸಹಜ. 23 ಸಲ ಕವಲೊಡೆದು, ಅರ್ಧ ಮಿಲಿಮೀಟರಿಗಿಂತ ಸಣ್ಣದಾಗಿ ಮುಗಿಯುವ ದಾರಿಯ ತುದಿಗೆ ಹೋದದ್ದು ಹಾಗೆ ಬರುವುದಿಲ್ಲ. ಆ ದಾರಿಯನ್ನು ಕಣ್ಣಾರೆ ತೋರಿಸಬೇಕಿತ್ತು.

ಆಡಿನ ಶ್ವಾಸಕೋಶದ ಶ್ವಾಸನಾಳಕ್ಕೆ ಪೈಪು ಕಟ್ಟಿ, ಗಾಳಿ ಊದಿ ಉಬ್ಬಿಸಿಟ್ಟೇ ಒಣಗಿಸುವ ನನ್ನ ಯೋಚನೆ ಕೇಳಿದ ಹಿರಿಯ ಪ್ರಾಣಿಶಾಸ್ತ್ರ ಉಪನ್ಯಾಸಕರೊಬ್ಬರು, "ಸರ್, ನಮ್ಮ ಬಿಸಿಲಿಗೆ ಮಾಂಸ ನಾಲ್ಕು ತಾಸು ತಾಳುವುದಿಲ್ಲ. ಒಳಗೊಳಗೇ ಕೊಳೆಯುತ್ತದೆ. ಪ್ಲಾಸ್ಟಿಕ್ ಮಾದರಿ ಕೊಂಡು ಸುಮ್ಮನಿರಿ" ಎಂದರು. ನಾನು ಆ ಬಿಸಿಲನ್ನೇ ನೆಚ್ಚಿಕೊಂಡಿದ್ದೆ. ನಲವತ್ತೆರಡು ಡಿಗ್ರಿ, ತೇವವೇ ಇಲ್ಲದ ಗಾಳಿ. ಸಂಡಿಗೆ ಅರ್ಧ ದಿನದಲ್ಲಿ ಒಣಗುವ ಊರು ನಮ್ಮದು.

ಮಟನ್ ಅಂಗಡಿಯ ಚಾಚಾ ಮೊದಲನೆಯದನ್ನು ಪುಕ್ಕಟೆ ಕೊಟ್ಟರು. ಗುಂಡಿಗೆ ತೆಗೆಯುವಾಗ ಚಾಕು ತಗುಲಿ ಎರಡು ಕಡೆ ಸೀಳಿತ್ತು. ಆಮೇಲೆ ಅವರಿಗೆ ತಿಳಿಸಿ ಹೇಳಿದೆ: ಗಂಟಲಿನಿಂದ ಗುಂಡಿಗೆಯವರೆಗೆ ಒಂದೇ ತುಂಡಾಗಿ, ಚಾಕು ತಾಗಿಸದೆ ಕೊಡಬೇಕು. "ಮಾಸ್ತರರೇ, ಫೇಫ್ಡಾಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ನೀವೊಬ್ಬರೇ" ಎಂದರು, ಅರವತ್ತು ರೂಪಾಯಿಯನ್ನೂ ಹೇಳಿದರು. ಆರಿಸುವಾಗ ಗುಲಾಬಿ ಬಣ್ಣ ನೋಡಬೇಕು. ಕೊರಳು ಕೊಯ್ಯುವಾಗ ಶ್ವಾಸನಾಳವೂ ತುಂಡಾಗಿ ಆಡು ತನ್ನದೇ ರಕ್ತವನ್ನು ಎಳೆದುಕೊಂಡಿರುತ್ತದೆ. ಕಪ್ಪುಗೆಂಪು ಮಚ್ಚೆ ಇರುವಲ್ಲಿ ಗಾಳಿಗೂಡುಗಳು ರಕ್ತದಿಂದ ತುಂಬಿವೆ ಎಂದೇ ಅರ್ಥ. ಎಷ್ಟು ಊದಿದರೂ ಆ ಜಾಗ ಏಳುವುದಿಲ್ಲ.

ಎರಡನೆಯದು, ಮೂರನೆಯದು ಎರಡರಲ್ಲೂ ಬಲಗಡೆಯ ಮೇಲಿನ ಹಾಲೆ (ಶ್ವಾಸಕೋಶದ ಒಂದು ಭಾಗ) ಚಪ್ಪಟೆಯಾಗಿಯೇ ಉಳಿಯಿತು. ರೋಗ ಬಂದ ಆಡು ಎಂದು ಎರಡನ್ನೂ ಎಸೆದೆ. ತಪ್ಪು ನನ್ನದೇ ಆಗಿತ್ತು. ಆಡು, ಕುರಿ, ದನಗಳಲ್ಲಿ ಶ್ವಾಸನಾಳ ಎರಡಾಗಿ ಕವಲೊಡೆಯುವುದಕ್ಕೆ ಮೊದಲೇ, ಬಲ ಮೇಲಿನ ಹಾಲೆಗೆ ಒಂದು ಪ್ರತ್ಯೇಕ ನಾಳ ಹೊರಡುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಇದು ಇಲ್ಲ. ನಾನು ಪೈಪನ್ನು ಆ ಬಾಯಿ ದಾಟಿಸಿ ಕಟ್ಟಿದ್ದೆ. ನಾಲ್ಕು ಬೆರಳು ಹಿಂದಕ್ಕೆಳೆದು ಕಟ್ಟಿದಾಗ ಎಲ್ಲ ಹಾಲೆಗಳೂ ಒಟ್ಟಿಗೆ ಎದ್ದವು. ಅರಿವಳಿಕೆ ಕೊಡುವ ವೈದ್ಯರಿಗೂ ಇಂಥದೇ ಎಚ್ಚರ ಬೇಕು: ಮನುಷ್ಯನ ಬಲ ಶ್ವಾಸನಾಳಿಕೆ ಅಗಲವಾಗಿ, ಹೆಚ್ಚು ನೆಟ್ಟಗೆ ಇರುವುದರಿಂದ ಆಳಕ್ಕೆ ಹೋದ ನಳಿಕೆ ಬಲಗಡೆಗೆ ಇಳಿದು ಎಡಗಡೆ ಗಾಳಿಯಿಲ್ಲದೆ ಉಳಿಯುತ್ತದೆ. ಮಕ್ಕಳ ಶ್ವಾಸನಾಳಕ್ಕೆ ಇಳಿದ ಶೇಂಗಾ ಕಾಳು ಹೆಚ್ಚಾಗಿ ಬಲಗಡೆಯೇ ಸಿಗುವುದೂ ಇದಕ್ಕೇ.

ನಾಲ್ಕನೆಯದಕ್ಕೆ ಸೈಕಲ್ ಪಂಪು ಹಾಕಿದೆ. ಹೊರಪೊರೆಯ ಕೆಳಗೆ ಗೋಲಿಯಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಎದ್ದವು, ಒಂದು ಪಟ್ಟೆಂದು ಒಡೆಯಿತು. ಒತ್ತಡಕ್ಕೆ ಲಗಾಮು ಬೇಕೆಂದು ಆಗ ಗೊತ್ತಾಯಿತು. ಅದರ ದಾರಿ ನನಗೆ ಸಿಕ್ಕಿದ್ದು ನನ್ನ ತಂಗಿಯ ಮಗಳಿಂದ. ಅವಳು ಎಂಟನೆಯ ತಿಂಗಳಿಗೇ ಹುಟ್ಟಿದವಳು. ನವಜಾತ ಶಿಶುಗಳ ವಾರ್ಡಿನಲ್ಲಿ ಅವಳ ಮೂಗಿಗೆ ಹಚ್ಚಿದ್ದ ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿತ್ತು. ರಾತ್ರಿಯಿಡೀ ಅದು ಗುಳುಗುಳು ಎನ್ನುತ್ತಿತ್ತು. ನಳಿಕೆ ಐದು ಸೆಂಟಿಮೀಟರ್ ಮುಳುಗಿದ್ದರೆ ಮಗುವಿನ ಶ್ವಾಸಕೋಶದ ಮೇಲೆ ಅಷ್ಟೇ ಒತ್ತಡ ನಿಲ್ಲುತ್ತದೆ, ಹೆಚ್ಚಾದದ್ದು ಗುಳ್ಳೆಯಾಗಿ ಹೋಗುತ್ತದೆ ಎಂದು ನರ್ಸ್ ಅಕ್ಕ ವಿವರಿಸಿದರು. ಆ ಶಬ್ದ ನಿಲ್ಲದಿರಲಿ ಎಂದು ಮೂರು ರಾತ್ರಿ ಕಿವಿಗೊಟ್ಟು ಕುಳಿತಿದ್ದೆ. ಮಗು ಈಗ ಒಂದನೆಯ ತರಗತಿಯಲ್ಲಿದ್ದಾಳೆ.

ಅದನ್ನೇ ಮಾಳಿಗೆಗೆ ತಂದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಿಂದ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಂಪು ತಂದೆ, T ಆಕಾರದ ಒಂದು ಜೋಡಣೆ ಹಾಕಿದೆ. ಒಂದು ಕವಲು ಶ್ವಾಸನಾಳಕ್ಕೆ, ಇನ್ನೊಂದು ನೀರು ತುಂಬಿದ ಎರಡು ಲೀಟರ್ ಬಾಟಲಿಯೊಳಗೆ. ನಾವು ಪೂರ್ತಿ ಉಸಿರೆಳೆದಾಗ ಶ್ವಾಸಕೋಶವನ್ನು ಹಿಗ್ಗಿಸಿ ಹಿಡಿಯುವ ಒತ್ತಡ ಸುಮಾರು 30 ಸೆಂಟಿಮೀಟರ್ ನೀರಿನಷ್ಟು. ನಾನು ಇಪ್ಪತ್ತೈದಕ್ಕೆ ನಿಲ್ಲಿಸಿದೆ. ಅಲ್ಲಿಂದಾಚೆಗೆ ಒಂದೂ ಒಡೆದಿಲ್ಲ.

ಒಡೆಯಲಿಲ್ಲ, ಆದರೆ ಕೊಳೆತವು. ಐದನೆಯದು, ಆರನೆಯದು ಹೊರಗೆ ಕಾಗದದಂತೆ ಒಣಗಿದವು. ಮೂರನೆಯ ದಿನ ಕೊಯ್ದರೆ ಒಳಗೆ ಹಸಿರು ಬಣ್ಣದ ಲೋಳೆ. ಮನೆಯವರು ಎರಡು ದಿನ ಮಾಳಿಗೆ ಹತ್ತಲಿಲ್ಲ. ಮುಂದಿನ ಬೇಸಿಗೆ ಏಳನೆಯದನ್ನು ನೇರ ಬಿಸಿಲಿಗಿಟ್ಟೆ. ಹೊರಪೊರೆ ಇನ್ನೂ ಬೇಗ ಬಿಗಿದು ಒಳಗಿನ ತೇವಕ್ಕೆ ಇದ್ದ ಅಲ್ಪ ದಾರಿಯೂ ಮುಚ್ಚಿತು. ಎಂಟನೆಯದನ್ನು ನೆರಳಿಗಿಟ್ಟೆ. ರಾತ್ರಿ ಎರಡಕ್ಕೆ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ ಕುಸಿದು, ಒಳಗೋಡೆಗಳು ಒಂದಕ್ಕೊಂದು ಅಂಟಿ, ಮತ್ತೆ ಏಳಲೇ ಇಲ್ಲ. ಅಂದಿನಿಂದ ಪಂಪು ಮನೆಯ ಇನ್ವರ್ಟರಿಗೆ ಸೇರಿತು. ಒಂಬತ್ತನೆಯದು ರಕ್ತ ತುಂಬಿದ ಮಾಲು.

ಹತ್ತನೆಯದು ನನಗೆ ಗುರುವಾಯಿತು. ಅದರ ಎಡ ಕೆಳಹಾಲೆಯಲ್ಲಿ ಚಾಕುವಿನ ಸಣ್ಣ ಗೀರಿತ್ತು. ಅಷ್ಟು ದಿನವೂ ಇಂಥ ತೂತುಗಳನ್ನೆಲ್ಲ ಫೆವಿಕ್ವಿಕ್ ಹಾಕಿ ಮುಚ್ಚುತ್ತಿದ್ದೆ. ಅಂದು ಟ್ಯೂಬು ಮುಗಿದಿತ್ತು, ಭಾನುವಾರ ಅಂಗಡಿಯೂ ಇರಲಿಲ್ಲ. ಗೀರಿನಿಂದ ಗಾಳಿ ಸುಯ್ಯೆಂದು ಸೋರುತ್ತಲೇ ಇತ್ತು. ಸಂಜೆ ಮುಟ್ಟಿ ನೋಡಿದರೆ ಇಡೀ ಶ್ವಾಸಕೋಶ ಒದ್ದೆಯಾಗಿ ಭಾರವಾಗಿದೆ, ಆ ಗೀರಿನ ಸುತ್ತ ಅಂಗೈಯಗಲ ಜಾಗ ಮಾತ್ರ ಬೆಳ್ಳಗೆ, ಹಗುರವಾಗಿ, ಬೆರಳಿಗೆ ಗರಿಗರಿ ಎನ್ನುತ್ತಿದೆ. ಅದನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ ಟ್ಯೂಬ್‌ಲೈಟಿಗೆ ಹಿಡಿದೆ. ಒಳಗೂ ಒಣಗಿತ್ತು.

ನಾನು ಎಡವಿದ್ದು ಎಲ್ಲಿ ಎಂಬುದು ಆ ಕ್ಷಣ ಹೊಳೆಯಿತು. ಪಾಠದಲ್ಲಿ ಪ್ರತಿ ವರ್ಷ ಹೇಳುವ ಮಾತೇ: ಗಾಳಿಗೂಡು ತಲುಪುವ ಹೊತ್ತಿಗೆ ಗಾಳಿ ತೇವದಿಂದ ತುಂಬಿರುತ್ತದೆ, 760 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ 47 ನೀರಾವಿಯದೇ. ತೂತೆಲ್ಲ ಮುಚ್ಚಿದ ಶ್ವಾಸಕೋಶದಲ್ಲಿ ಆ ತೇವದ ಗಾಳಿ ನಿಂತಲ್ಲೇ ನಿಲ್ಲುತ್ತದೆ. ಮೂರು ದಿನ ನಾನು ಅದಕ್ಕೆ ಉಸಿರು ತುಂಬುತ್ತಿದ್ದೆ, ಬಿಡಲು ಒಂದು ದಾರಿ ಕೊಟ್ಟಿರಲಿಲ್ಲ.

ಹನ್ನೊಂದನೆಯದಕ್ಕೆ ನಾನೇ ತೂತು ಮಾಡಿದೆ. ಮೊದಲು ಶ್ವಾಸನಾಳದಿಂದ ನೀರು ತುಂಬಿ ಬಸಿಯುವುದು, ಗುಂಡಿಗೆಯಿಂದ ಶ್ವಾಸಕೋಶಕ್ಕೆ ರಕ್ತ ತರುವ ಪುಪ್ಪುಸ ಅಪಧಮನಿಯಿಂದಲೂ ನೀರು ಹಾಯಿಸಿ ರಕ್ತ ತೊಳೆಯುವುದು. ಏಳೆಂಟು ಸಲ, ನೀರು ತಿಳಿಯಾಗುವ ತನಕ. ಆಮೇಲೆ ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ. ಇದಿಲ್ಲದಿದ್ದರೆ ಒಣಗಿದ ಮೇಲೆ ಹಪ್ಪಳದಂತೆ ಮುರಿಯುತ್ತದೆ. ಬಸಿದು, ಊದಿ, ಎಲ್ಲ ಹಾಲೆಗಳಿಗೂ ಇನ್ಸುಲಿನ್ ಸೂಜಿಯಿಂದ ಚುಚ್ಚಿದೆ. ಎಷ್ಟು ಚುಚ್ಚು, ಎಷ್ಟು ಆಳ, ಯಾವ ಹಾಲೆಯಿಂದ ಶುರು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹತ್ತು ಕಳೆದುಕೊಂಡು ಕಲಿತದ್ದು. ಗಾಳಿ ಸೋರುವುದರಿಂದ ಒಂದು ಪಂಪು ಸಾಲದು, ಎರಡು ಬೇಕು. ಬಾಟಲಿಯಲ್ಲಿ ಗುಳ್ಳೆ ನಿಂತರೆ ಒತ್ತಡ ಬಿದ್ದಿದೆ ಎಂದು ತಿಳಿಯಬೇಕು. ನೊಣಕ್ಕೆ ಸೊಳ್ಳೆಪರದೆ, ನೆರಳಿಗೆ ಚಪ್ಪರ, ಉಳಿದದ್ದನ್ನು ನಮ್ಮ ಬಿಸಿಗಾಳಿ ನೋಡಿಕೊಂಡಿತು. ಮೂವತ್ತು ತಾಸಿಗೆ ಹಾಲೆಗಳ ಅಂಚು ಗರಿಗರಿ ಎಂದಿತು. ನಾಲ್ಕನೆಯ ದಿನ ಪಂಪು ನಿಲ್ಲಿಸಿದೆ. ಕುಸಿಯಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ, "ಇದರಲ್ಲಿ ಭಾರವೇ ಇಲ್ಲವಲ್ಲ" ಎಂದಳು. ಕೊನೆಗೆ ಹಚ್ಚಿದ ಲೇಪದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ನಡುವೆ ಒಂದು ಅಡ್ಡದಾರಿಗೂ ಹೋಗಿದ್ದೆ. ಕರ್ಟ್ ಫಾನ್ ನೀರ್ಗಾರ್ಡ್ ಎಂಬುವರು 1929ರಲ್ಲಿ ಕಂಡುಕೊಂಡದ್ದು: ಶ್ವಾಸಕೋಶವನ್ನು ಗಾಳಿಯಿಂದ ಹಿಗ್ಗಿಸುವುದಕ್ಕಿಂತ ದ್ರವದಿಂದ ಹಿಗ್ಗಿಸುವುದು ಸುಲಭ. ಕೇಳಿದರೆ ಉಲ್ಟಾ ಎನಿಸುತ್ತದೆ. ಪಾರದರ್ಶಕ ಪೈಪಿನ ಯು ಆಕಾರದ ಒತ್ತಡಮಾಪಕ ಮಾಡಿ, ಲೀಟರಿಗೆ ಒಂಬತ್ತು ಗ್ರಾಂ ಉಪ್ಪು ಕರಗಿಸಿ ಪರೀಕ್ಷಿಸಿದೆ. ಗಾಳಿಗೆ ಇಪ್ಪತ್ತು ಸೆಂಟಿಮೀಟರ್ ನೀರಿನ ಹತ್ತಿರ ಬೇಕಾಯಿತು, ಉಪ್ಪುನೀರಿಗೆ ಎಂಟೂ ಬೇಕಾಗಲಿಲ್ಲ. ತೊಳೆಯದ ಹೊಸ ಶ್ವಾಸಕೋಶದಲ್ಲೇ ಇದನ್ನು ಮಾಡಬೇಕು. ಗಾಳಿಗೂಡಿನ ತೇವದ ಪದರಕ್ಕೂ ಗಾಳಿಗೂ ನಡುವೆ ಮೇಲ್ಮೈ ಎಳೆತ ಇರುತ್ತದೆ, ಅದು ಗೂಡನ್ನು ಮುದುಡಿಸಲು ನೋಡುತ್ತದೆ. ದ್ರವ ತುಂಬಿದರೆ ಆ ಎಳೆತವೇ ಇಲ್ಲ. ಬದುಕಿರುವವರಲ್ಲಿ ಅದನ್ನು ತಗ್ಗಿಸುವುದು ಸರ್ಫ್ಯಾಕ್ಟೆಂಟ್ ಎಂಬ, ಗಾಳಿಗೂಡುಗಳೇ ಸ್ರವಿಸುವ ಸಾಬೂನಿನಂಥ ವಸ್ತು. ದಿನ ತುಂಬದೆ ಹುಟ್ಟಿದ ಕೂಸುಗಳ ಶ್ವಾಸಕೋಶ ಕುಸಿಯುವುದಕ್ಕೆ ಅದರ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟರು. ಆ ವಾರ್ಡಿನ ಗುಳುಗುಳು ಶಬ್ದದ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಮಾಳಿಗೆಯ ಮೇಲೆ, ಆ ಪೈಪಿನಲ್ಲಿ ನೀರು ಏರದೆ ನಿಂತದ್ದನ್ನು ಕಂಡಾಗ.

ಒಣಗಿದ ಇನ್ನೊಂದು ತುಂಡಿನೊಳಗೆ ಪುಡಿಗಳನ್ನೂ ಊದಿ ನೋಡಿದೆ. ರಂಗೋಲಿ ಪುಡಿ ದೊಡ್ಡ ನಾಳಗಳಲ್ಲೇ ಕುಳಿತಿತು. ಹೋಳಿಯ ನಯವಾದ ಬಣ್ಣ ಸಣ್ಣ ಕವಲುಗಳ ತನಕ ಹೋಗಿ ಗುಲಾಬಿ ಗೆರೆ ಎಳೆದಿತ್ತು. ಜೀವಂತ ನಾಳದಲ್ಲಿ ಲೋಳೆ ಇರುತ್ತದೆ, ಅದನ್ನು ಗಂಟಲಿನ ಕಡೆಗೆ ತಳ್ಳುವ, ಕೂದಲಿನಂಥ ಸೂಕ್ಷ್ಮ ಲೋಮಾಂಗಗಳಿರುತ್ತವೆ; ಒಣಗಿದ್ದರಲ್ಲಿ ಎರಡೂ ಇಲ್ಲ. ಹಾಗಾಗಿ ಇದು ಅರ್ಧ ಸತ್ಯವೆಂದು ಮಕ್ಕಳಿಗೆ ಹೇಳಿಯೇ ತೋರಿಸುತ್ತೇನೆ. ಐದು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣ ಗಾಳಿಗೂಡಿನ ತನಕ ಇಳಿಯಬಲ್ಲದು, ಅಲ್ಲಿ ಲೋಮಾಂಗಗಳಿಲ್ಲ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತುಂಡನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ. ಅವನ ತಂದೆ ಪಾಲಿಶ್ ಯಂತ್ರದ ಮೇಲೆ ಕೆಲಸ ಮಾಡುತ್ತಾರೆ. ಮರುದಿನ, "ಸರ್, ಒದ್ದೆ ಬಟ್ಟೆ ಕಟ್ಟಿದರೆ ಸಾಕೇ?" ಎಂದು ಕೇಳಿದ. ಸಾಲದು, ಸರಿಯಾದ ಮಾಸ್ಕ್ ಬೇಕು, ಕಲ್ಲಿಗೆ ನೀರು ಬಿಟ್ಟು ಕೆಲಸ ಮಾಡಬೇಕು ಎಂದೆ. ಹದಿನೆಂಟು ವರ್ಷದಲ್ಲಿ ಬಲೂನು ನೋಡಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದ: ಹನ್ನೊಂದರಲ್ಲಿ ಹತ್ತಕ್ಕೆ ಆರುನೂರು, ಎರಡು ಪಂಪಿಗೆ ಒಂಬತ್ತುನೂರು, ಗ್ಲಿಸರಿನ್ ಎರಡು ಲೀಟರಿಗೆ ಐದುನೂರರ ಮೇಲೆ, ಪೈಪು, ಪರದೆ, ಅಂಟು, ಸೂಜಿ ಸೇರಿ ಇನ್ನೊಂದು ಏಳುನೂರು. ಒಟ್ಟು ಮೂರು ಸಾವಿರದ ಒಳಗೆ. ಈಗ ಕೈ ಕುದುರಿದೆ, ಸಾಮಾನೂ ಇದೆ. ಮುಂದಿನದಕ್ಕೆ ಇನ್ನೂರು ಸಾಕು. ಮಾಂಸ ಮುಟ್ಟದ ಮನೆಯ ಮಕ್ಕಳಿಗೆ ಒತ್ತಾಯ ಮಾಡುವುದಿಲ್ಲ, ಪಾಲಕರಿಗೆ ಮೊದಲೇ ತಿಳಿಸುತ್ತೇನೆ. ಇಲ್ಲಿಯ ತನಕ ಇಬ್ಬರು ಮಾತ್ರ ದೂರ ಕುಳಿತರು, ಅವರೂ ಕೊನೆಗೆ ಹತ್ತಿರ ಬಂದು ನೋಡಿದರು. ಹಾಲೆ ಎಣಿಸುವಾಗ ಮಾತ್ರ ಎಚ್ಚರ: ಮನುಷ್ಯರಲ್ಲಿ ಬಲಕ್ಕೆ ಮೂರು, ಎಡಕ್ಕೆ ಎರಡು, ಆಡಿನ ಬಲಗಡೆ ನಾಲ್ಕು ಸಿಗುತ್ತವೆ. ಶ್ವಾಸನಾಳದ ಉಂಗುರಗಳು ನಮ್ಮಲ್ಲಿ ಹದಿನಾರರಿಂದ ಇಪ್ಪತ್ತು, ಉದ್ದ ಕೊರಳಿನ ಆಡಿನಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಮಳೆಗಾಲದಲ್ಲಿ ಒಂದು ತೊಂದರೆ ಬಂತು. ಜುಲೈ ಕೊನೆಗೆ ಅದು ತೇವ ಹೀರಿ ಮೆತ್ತಗಾಯಿತು. ತೊಗರಿ ಬೇಳೆಯ ದೊಡ್ಡ ಸ್ಟೀಲ್ ಡಬ್ಬಿಯ ತಳಕ್ಕೆ ಸುಟ್ಟ ಸುಣ್ಣದ ಹರಳು ಹಾಕಿ, ಮೇಲೆ ಜಾಲರಿ ಇಟ್ಟು, ಅದರ ಮೇಲೆ ಕೂರಿಸಿದೆ. ವಾರದಲ್ಲಿ ಮತ್ತೆ ಗರಿಗರಿಯಾಯಿತು.

ಈ ಬೇಸಿಗೆಗೆ ರಕ್ತನಾಳಗಳಿಗೆ ಬಣ್ಣ ತುಂಬುವ ಯೋಚನೆಯಿದೆ: ಪುಪ್ಪುಸ ಅಪಧಮನಿಗೆ ನೀಲಿ, ಶ್ವಾಸಕೋಶದಿಂದ ಗುಂಡಿಗೆಗೆ ರಕ್ತ ಮರಳಿಸುವ ಪುಪ್ಪುಸ ಅಭಿಧಮನಿಗೆ ಕೆಂಪು. ಮಕ್ಕಳು ಪ್ರತಿ ವರ್ಷ ಅದಲುಬದಲು ಮಾಡುವ ಜಾಗ ಅದೇ. ಬಣ್ಣದ ಜೊತೆ ಯಾವ ಅಂಟು ಬೆರೆಸಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಏಪ್ರಿಲ್ ಮೊದಲ ಭಾನುವಾರಕ್ಕೆ ಎರಡು ಎತ್ತಿಡುವುದಾಗಿ ಚಾಚಾ ಹೇಳಿದ್ದಾರೆ.