ಮನೆಯಲ್ಲೇ ಕೋಲ್ಶ್: ಕಾಯುವುದೇ ಅರ್ಧ ಕೆಲಸ

ಜರ್ಮನಿಯ ಕಲೋನ್ ನಗರದ ಬಿಯರ್ ಮನೆಗಳಲ್ಲಿ ಕೋಲ್ಶ್ ಎಂಬ ತಿಳಿ ಬಿಯರ್ ಬರುವುದು 200 ಮಿ.ಲೀ. ಹಿಡಿಯುವ ನೀಳ ಲೋಟದಲ್ಲಿ. ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುತ್ತದೆ. ಸಾಕೆನಿಸಿದರೆ ಲೋಟದ ಮೇಲೆ ಕೋಸ್ಟರ್ ಮುಚ್ಚಬೇಕು. 1986ರ ಒಪ್ಪಂದದ ಪ್ರಕಾರ ಆ ಹೆಸರು ಕಲೋನ್ ಮತ್ತು ಸುತ್ತಲಿನ ಬ್ರೂವರಿಗಳಿಗೆ ಮಾತ್ರ. ನಾವು ಮಾಡುವುದು ಆ ಬಗೆಯ ತಿಳಿ ಏಲ್ (ಸಾಮಾನ್ಯವಾಗಿ ಕೋಣೆಯ ಬಿಸುಪಿನಲ್ಲಿ ಹುದುಗಿಸುವ ಬಿಯರ್), ಅಷ್ಟೇ.

20 ಲೀಟರಿಗೆ 4.3 ಕಿಲೋ ಪಿಲ್ಸ್ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ತಿಳಿ ಬಣ್ಣದ ಬಾರ್ಲಿ) ಸಾಕು. ಸ್ವಲ್ಪ ಗೋಧಿ ಮಾಲ್ಟ್ ಸೇರಿಸುವವರಿದ್ದಾರೆ, ನಾನು ಸೇರಿಸುವುದಿಲ್ಲ. ತರಿಯಾಗಿ ಒಡೆದ ಮಾಲ್ಟನ್ನು 71 ಡಿಗ್ರಿ ಕಾದ 13 ಲೀಟರ್ ನೀರಿಗೆ ಸುರಿದರೆ ಮಿಶ್ರಣದ ಬಿಸಿ 65 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಒಂದು ಗಂಟೆ ಮುಚ್ಚಿಡಿ. ಸಿಹಿ ರಸ ಬಸಿದು, ಕಾಳಿನ ಮೇಲೆ ಇನ್ನಷ್ಟು ಬಿಸಿನೀರು ಹೊಯ್ದು ಒಟ್ಟು 25 ಲೀಟರ್ ಮಾಡಿಕೊಳ್ಳಿ.

ಈಗ 90 ನಿಮಿಷ ಕುದಿಸಿ, ಪಾತ್ರೆ ಮುಚ್ಚದೆ. ಪಿಲ್ಸ್ನರ್ ಮಾಲ್ಟಿನಿಂದ ಬೇಯಿಸಿದ ಮೆಕ್ಕೆಜೋಳದಂಥ ವಾಸನೆ ಹುಟ್ಟುತ್ತದೆ, ಅದು ಹಬೆಯ ಜೊತೆಗೇ ಹೋಗಬೇಕು. ಕೊನೆಯ ಒಂದು ಗಂಟೆ ಉಳಿದಾಗ 40 ಗ್ರಾಂ ಟೆಟ್ನಾಂಗ್ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ), ಹತ್ತು ನಿಮಿಷ ಉಳಿದಾಗ 15 ಗ್ರಾಂ. ಕಹಿ ತೆಳುವಾಗಿರಲಿ. ಇಲ್ಲಿಂದ ಮುಂದೆ ಬಿಯರಿಗೆ ತಾಗುವ ಪ್ರತಿಯೊಂದು ವಸ್ತುವನ್ನೂ ಸ್ಯಾನಿಟೈಸ್ ಮಾಡಿರಬೇಕು.

ರಸವನ್ನು ಬೇಗ 15 ಡಿಗ್ರಿಗೆ ಇಳಿಸಿ, ಚೆನ್ನಾಗಿ ಕಲಕಿ ಗಾಳಿ ಸೇರಿಸಿ, ಕೋಲ್ಶ್ ಯೀಸ್ಟ್ ಹಾಕಿ. ಜಾಸ್ತಿ ಜನ ಎಡವುವುದು ಇದಾದ ಮೇಲೆಯೇ. ಇದು ಏಲ್ ಯೀಸ್ಟ್ ತಾನೇ, ಕೋಣೆಯಲ್ಲಿ ಸುಮ್ನೆ ಇಟ್ಟರಾಯಿತು ಅಂದುಕೊಂಡು ನಾನು ಮೊದಲ ಸಲ 24 ಡಿಗ್ರಿಯಲ್ಲಿ ಬಿಟ್ಟಿದ್ದೆ. ಬಂದದ್ದು ಹಣ್ಣಿನ ರಸದಂಥ ಬಿಯರ್! ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಹಾಗಾಗಿ ಕೋಣೆಯದ್ದಲ್ಲ, ಪಾತ್ರೆಯ ಉಷ್ಣಾಂಶ ನೋಡಬೇಕು. 15-16 ಡಿಗ್ರಿ ದಾಟದಿರಲಿ. ಥರ್ಮೋಸ್ಟಾಟ್ ಜೋಡಿಸಿದ ಹಳೇ ಫ್ರಿಜ್ ಇದ್ದರೆ ತಲೆನೋವಿಲ್ಲ. ಇಲ್ಲದಿದ್ದರೆ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು, ಐಸ್ ಬಾಟಲಿ ಬದಲಿಸುತ್ತಾ ಇರಿ.

ಎರಡು ವಾರಕ್ಕೆ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.047ರ ಆಸುಪಾಸಿನಿಂದ 1.010ರ ಹತ್ತಿರಕ್ಕೆ ಇಳಿದಿರುತ್ತದೆ. ಮೂರು ದಿನ ಅದೇ ಅಂಕೆ ನಿಂತರೆ ಹುದುಗು ಮುಗಿದಂತೆ. ಆದರೆ ಬಿಯರ್ ಇನ್ನೂ ಮಬ್ಬು. ಈ ಯೀಸ್ಟ್ ಬೇಗ ತಳ ಸೇರುವ ಜಾತಿಯದಲ್ಲ. ತಂಪಿನಲ್ಲೇ ಮಾಗಿಸುವ ಲಾಗರ್ ಬಿಯರಿನ ಹಾಗೆ 1-2 ಡಿಗ್ರಿ ತಂಪಿನಲ್ಲಿ ನಾಲ್ಕು ವಾರ ಬಿಡಿ.

ಬಾಟಲಿಗೆ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ಜಾಸ್ತಿಯಾದರೆ ಬಾಟಲಿ ಸಿಡಿದೀತು. ಎರಡು ಮೂರು ವಾರ ಕೋಣೆಯಲ್ಲಿಟ್ಟು, ಆಮೇಲೆ ಫ್ರಿಜ್ಜಿಗೆ. ಸುರಿಯುವಾಗ ತಳದ ಗಷ್ಟು ಬಾಟಲಿಯಲ್ಲೇ ಉಳಿಯಲಿ.