ಮೊದಲು ಓದಿ ಹೇಳಿದೆ, ಆಮೇಲೆ ಅಚ್ಚು ಹಾಕಿಸಿದೆ

ಅಧ್ಯಾಯ ಅಧ್ಯಾಯವಾಗಿ ವಾಟ್ಸಾಪಿನಲ್ಲಿ ಓದಿ ಕಳಿಸಿದ ಮೇಲೆ ನನ್ನ ಎರಡನೇ ಕಾದಂಬರಿಯ 500 ಪ್ರತಿ ಹಾಕಿಸಿದ್ದೆ. ಇವತ್ತು ಬೆಳಿಗ್ಗೆ ಅಟ್ಟ ಹತ್ತಿ ಎಣಿಸಿದರೆ ಉಳಿದಿರುವುದು 17. “ಫೋನಲ್ಲಿ ಪುಕ್ಕಟೆ ಕೇಳಿದವರು ದುಡ್ಡು ಕೊಟ್ಟು ಪುಸ್ತಕ ಯಾಕೆ ತಗೊಳ್ತಾರೆ ಮಾರಾಯ್ತಿ?” ಎಂದು ಕಳೆದ ವರ್ಷ ನಕ್ಕಿದ್ದ ಪ್ರಕಾಶಕರೊಬ್ಬರು ಮೊನ್ನೆ ಅವರೇ ಫೋನ್ ಮಾಡಿ, ಆ ವಾಯ್ಸ್ ಮೆಸೇಜಿನ ಲೆಕ್ಕಾಚಾರ ಏನು ಅಂತ ವಿಚಾರಿಸಿದರು. ಅವರಿಗೆ ಅರ್ಧ ಹೇಳಿದೆ. ಇಲ್ಲಿ ಮುಕ್ಕಾಲು ಹೇಳುತ್ತೇನೆ.

ಸಾಗರದಲ್ಲಿ ನನ್ನದೊಂದು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ), ಜೆರಾಕ್ಸ್ ಅಂಗಡಿ ಇದೆ. ಹಾಗಾಗಿ ಮೊದಲ ಕಾದಂಬರಿಗೆ ಡಿಟಿಪಿ ಖರ್ಚೊಂದು ಉಳಿಯಿತು, ಮಿಕ್ಕಿದ್ದೆಲ್ಲ ಹೋಯಿತು. 1000 ಪ್ರತಿ, ಹತ್ತಿರ ಹತ್ತಿರ 90 ಸಾವಿರ ರೂಪಾಯಿ. ಅಷ್ಟೂ ಅಡಿಕೆ ದುಡ್ಡು. ಮನೆಯವರು ಏನೂ ಅನ್ನಲಿಲ್ಲ, ಆ ವರ್ಷ ತೋಟಕ್ಕೆ ಗೊಬ್ಬರ ಮಾತ್ರ ಬರಲಿಲ್ಲ. ಬಿಡುಗಡೆ ದಿನ 40 ಪ್ರತಿ ಹೋದವು, ಅದರಲ್ಲಿ 25 ಗೌರವ ಪ್ರತಿ. ಅಂಗಡಿಗಳಿಗೆ ಶೇ. 40 ಕಮಿಷನ್ ಬಿಟ್ಟು ಕೊಟ್ಟೆ. ಮಾರಾಟವಾದ ಮೇಲೆ ಲೆಕ್ಕ ಎಂದಿದ್ದವರಲ್ಲಿ ಒಬ್ಬರ ಲೆಕ್ಕ ಇವತ್ತಿಗೂ ಬಂದಿಲ್ಲ. ಮಳೆಗಾಲ ಹಿಡಿಯಿತು. ಬಂಡಲ್ಲುಗಳಿಗೆ ಬೂಷ್ಟು ಬಂತು, ಕೆಳಗಿನ ಎರಡನ್ನು ಒರಲೆ ತಿಂದಿತು. ನನ್ನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಪೂರ್ತಿ ಮಾಡಿದ್ದು ಅವು ಮಾತ್ರ ಅಂತ ಕಾಣುತ್ತದೆ.

ಎರಡನೆಯದಕ್ಕೆ ಬುದ್ಧಿ ಬಂತು ಅಂದುಕೊಂಡು ಫೇಸ್‌ಬುಕ್ಕಿನಲ್ಲಿ ತುಣುಕು ಹಾಕತೊಡಗಿದೆ. ಒಂದು ತುಣುಕಿಗೆ 300 ಲೈಕು ಬಂತು. ಪುಸ್ತಕ ಬೇಕು ಎಂದವರು ನಾಲ್ಕು ಜನ, ಅದರಲ್ಲಿ ಒಬ್ಬಳು ನನ್ನ ನಾದಿನಿ. ಆಮೇಲೆ 180 ಜನರ ವಾಟ್ಸಾಪ್ ಗುಂಪು ಮಾಡಿದೆ. ಹದಿನೈದು ದಿನಕ್ಕೆ ಅದರಲ್ಲಿ ಶುಭೋದಯದ ಹೂವು, ಅಡಿಕೆ ಧಾರಣೆ, ಪಂಚಾಯ್ತಿ ರಾಜಕೀಯ ಬಿಟ್ಟರೆ ಬೇರೇನೂ ಇಲ್ಲ. ಮುಚ್ಚಿದೆ.

ಉಳಿದದ್ದು ವಾಟ್ಸಾಪಿನದೇ ಬ್ರಾಡ್‌ಕಾಸ್ಟ್ ಲಿಸ್ಟ್, ಒಂದೇ ಮೆಸೇಜು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುವಂಥದ್ದು. ಒಂದು ಲಿಸ್ಟಿಗೆ 256 ಜನ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ಮುಟ್ಟುತ್ತದೆ. ಎಲ್ಲರೂ ಇದನ್ನು ತೊಡಕು ಅಂತಾರೆ. ನನಗೆ ಅದೇ ಜರಡಿಯಾಯಿತು. 120 ಜನರಿಗೆ ಕಳಿಸಿದೆ, ಮುಟ್ಟಿದ್ದು 31 ಜನರಿಗೆ. ಆ 31 ಜನರನ್ನೇ ನೆಚ್ಚಿಕೊಂಡು 2025ರ ಫೆಬ್ರುವರಿಯಲ್ಲಿ ಶುರು ಮಾಡಿದೆ.

ಶುಕ್ರವಾರ ಬೆಳಿಗ್ಗೆ ಐದಕ್ಕೆ, ಪಕ್ಕದ ಮನೆಯ ಮಿಕ್ಸಿ ಶುರುವಾಗುವ ಮೊದಲು, ಒಂದು ಅಧ್ಯಾಯ ಓದಿ ಕಳಿಸುವುದು. 15ರಿಂದ 18 ನಿಮಿಷ. 20 ದಾಟಿದರೆ ಜನ ‘ಆಮೇಲೆ ಕೇಳ್ತೀನಿ’ ಅಂತಾರೆ, ಆ ‘ಆಮೇಲೆ’ ಬರುವುದೇ ಇಲ್ಲ. ಭಾನುವಾರ ಸರದಿಯ ಮೇಲೆ ಆರು ಜನರಿಗೆ ಫೋನ್. ಹೇಗಿದೆ ಅಂತ ಕೇಳುವಂತಿಲ್ಲ. ಕೇಳಿದರೆ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ಮದುವೆ ಮನೆಯಲ್ಲಿ ಊಟ ಹೇಗಾಯ್ತು ಅಂತ ಕೇಳಿದ ಹಾಗೆ. ನಾನು ಕೇಳುವುದು, “ಕೇಳ್ತಾ ಏನು ಕೆಲಸ ಮಾಡ್ತಿದ್ರಿ? ಕೈ ಎಲ್ಲಿ ನಿಂತಿತು?” ಇನ್ನೊಂದು ಪ್ರಶ್ನೆಯೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಐದನೇ ಅಧ್ಯಾಯದಲ್ಲಿ ಒಡೆಯರ ಮನೆಯ ವರ್ಣನೆ ಇತ್ತು. ಜಗಲಿ, ಮುಂಡಿಗೆ ಕಂಬ, ಕೆತ್ತನೆ, ಎಲ್ಲ ಸೇರಿ ಮೂರು ನಿಮಿಷ. ಎರಡು ವಾರ ಕೂತು ಬರೆದದ್ದು. ಆರರಲ್ಲಿ ಐದು ಜನ ಸರಿಯಾಗಿ ಅಲ್ಲೇ ಹಾಲು ಉಕ್ಕಿತೇನೋ ಅಂತ ನೋಡಲು ಹೋಗಿದ್ದಾರೆ. ಆರನೆಯವರು ನಿದ್ದೆ ಹೋಗಿದ್ದಾರೆ. ಕತ್ತರಿಸಿದೆ. ಯಾವ ವಿಮರ್ಶಕರು ಹೇಳಿದ್ದರೂ ಕತ್ತರಿಸುತ್ತಿರಲಿಲ್ಲ.

ಕಾದಂಬರಿ, ಕರೆಂಟಿಗೆಂದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿದ ಒಂದು ಊರಿನದು. ಅಣೆಕಟ್ಟು 1964ರಲ್ಲಿ ಮುಗಿದದ್ದು, ಸಮುದ್ರಮಟ್ಟದಿಂದ 1819 ಅಡಿಗೆ ನೀರು ನಿಲ್ಲುವುದು, ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಎದ್ದು ಕಾಣುವುದು, ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು. ಊರು ಬಿಡುವ ದಿನ ನಾಯಕಿ ದೇವರ ಪಟ, ಕಂಚಿನ ಚರಿಗೆ ಹಿಡಿದು ಲಾರಿ ಹತ್ತುತ್ತಾಳೆ ಅಂತ ಬರೆದಿದ್ದೆ. ಓದುವಾಗ ನನಗೇ ಗಂಟಲು ಕಟ್ಟಿತ್ತು. ಭಾನುವಾರ ಫೋನ್ ಎತ್ತಿಕೊಂಡ ಅಮ್ಮನೊಬ್ಬರಿಗೆ ಈಗ ಎಂಬತ್ತರ ಹತ್ತಿರ, ಆಗ ಹದಿನಾರರ ಸೊಸೆ. ನಮ್ಮ ಕಡೆ ದಾರಂದ ಅಂದರೆ ಬಾಗಿಲ ಚೌಕಟ್ಟು.

“ಚರಿಗೆ ಎಲ್ಲ ಇರ್ಲಿ ತಂಗಿ. ದಾರಂದ ಯಾರು ಬಿಟ್ಟು ಬರ್ತಾರೆ? ಹಲಸಿನ ಮರದ್ದು. ಕಿತ್ತು ಲಾರಿಗೆ ಹಾಕಿ, ಅದರ ಮೇಲೆ ನಾ ಕೂತ್ಕಂಡಿದ್ದೆ.”

“ಆಮೇಲೆ ಎಲ್ಲಿ ಹಾಕಿದ್ರಿ ಅದನ್ನ?”

“ಹೊಸ ಮನೆ ಗೋಡೆ ಸಣ್ಣದಾತು. ಹಿಡೀಲಿಲ್ಲ. ಕೊಟ್ಟಿಗೆಗೆ ಹಾಕಿದ್ರು. ದನ ಅದೇ ಬಾಗಿಲಲ್ಲಿ ಓಡಾಡ್ತಿದ್ವು, ನಾವು ಈ ಸಣ್ಣ ಬಾಗಿಲಲ್ಲಿ.”

ಹತ್ತು ವರ್ಷ ಮೇಜಿನ ಮುಂದೆ ಕೂತಿದ್ದರೂ ಆ ಕೊಟ್ಟಿಗೆ ಬಾಗಿಲು ನನ್ನ ತಲೆಗೆ ಬರುತ್ತಿರಲಿಲ್ಲ. ಅಧ್ಯಾಯ ಪೂರಾ ಹೊಸದಾಗಿ ಬರೆದೆ. ಇನ್ನೊಂದು ಕಡೆ, ಹಿನ್ನೀರಿನ ಆಚೆಯ ಕರೂರು ಹೋಬಳಿಯ ಮನೆಯಲ್ಲಿ 1970ರ ಹೊತ್ತಿಗೇ ಬಲ್ಬು ಉರಿಸಿಬಿಟ್ಟಿದ್ದೆ. ಆ ಕಡೆಯ ಇಬ್ಬರು ಬೇರೆಬೇರೆಯಾಗಿ ಫೋನ್ ಮಾಡಿ ನಕ್ಕರು. ಕರೆಂಟಿಗೆ ಊರು ಬಿಟ್ಟುಕೊಟ್ಟವರು ಎಷ್ಟು ವರ್ಷ ಚಿಮಣಿ ದೀಪದಲ್ಲೇ ಇದ್ದರು ಅನ್ನುವುದನ್ನು ಅವರ ಬಾಯಿಂದಲೇ ಕೇಳಿಸಿಕೊಂಡೆ. ಬಲ್ಬು ಆರಿಸಿದೆ.

ಬರೆಯುತ್ತಿರುವಾಗಲೇ, ಜುಲೈ 14ಕ್ಕೆ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ನನ್ನ ಕಾದಂಬರಿಯ ಅರ್ಧ ಕಥೆ ನಡೆಯುವುದೇ ಅಲ್ಲಿಯವರೆಗೆ ಜನರನ್ನು ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚಿನಲ್ಲಿ. ಕೇಳುಗರೊಬ್ಬರು ಅದಕ್ಕೆ ಮುಂಚೆಯೇ ಲಾಂಚಿನ ಇಂಜಿನ್ ಸದ್ದು 40 ಸೆಕೆಂಡು ರೆಕಾರ್ಡ್ ಮಾಡಿ ಕಳಿಸಿದ್ದರು. 16ನೇ ಅಧ್ಯಾಯದ ಶುರುವಿಗೆ ಅದನ್ನೇ ಹಾಕಿದೆ. ಆ ವಾರ ಎಲ್ಲರ ಕೈಯೂ ಮೊದಲ ಸೆಕೆಂಡಿಗೇ ನಿಂತಿತ್ತು, ನನ್ನ ಬರಹದಿಂದ ಅಲ್ಲ ಅನ್ನುವುದು ಬೇರೆ ಮಾತು.

ಲಾಂಚು ಅಂದಾಗ ನೆನಪಾಯಿತು. ಕೈನೋವು ಅಂತ ಒಂದು ತಿಂಗಳು ಫೋನಿಗೆ ಬಾಯಲ್ಲಿ ಹೇಳಿ ಬರೆಸಿ ನೋಡಿದೆ. ‘ಅವಳು ಲಾಂಚ್ ಹತ್ತಿದಳು’ ಎಂದರೆ ಅದು ‘ಅವಳು ಲಂಚ ಹತ್ತಿದಳು’ ಅಂತ ಬರೆದುಕೊಂಡಿತು. ನಮ್ಮ ಕಡೆಯ ಮಾತು ಬಂದರಂತೂ ದೇವರೇ ಗತಿ. ನಿರೂಪಣೆಗೆ ಪರವಾಗಿಲ್ಲ, ಸಂಭಾಷಣೆಗೆ ಬೇಡ. ದಿನಕ್ಕೆ 900 ಪದ ಬರುತ್ತಿತ್ತು, ತಿದ್ದಿದ ಮೇಲೆ 350 ಉಳಿಯುತ್ತಿತ್ತು. ಬಿಟ್ಟೆ. ಫೋನಿನ ಯೂನಿಕೋಡ್ ಅಕ್ಷರಗಳನ್ನು ಡಿಟಿಪಿಯ ನುಡಿ ಫಾಂಟಿಗೆ ತಿರುಗಿಸುವಾಗ ಅರ್ಕಾವತ್ತು ಹಾರಿಹೋಗುತ್ತದೆ. ಪ್ರೂಫ್ ನೋಡುವಾಗ ಆ ಒಂದನ್ನೇ ಹುಡುಕಲು ಒಂದು ಸುತ್ತು ಬೇರೆಯಾಗಿ ಇಟ್ಟುಕೊಳ್ಳಿ.

ಒಂದು ಎಡವಟ್ಟೂ ಆಯಿತು. ಏಳನೇ ಅಧ್ಯಾಯ ಯಾರ ಕೈಗೋ ಸಿಕ್ಕಿ, ಜೋಗದ ಫೋಟೊ ಅಂಟಿಸಿಕೊಂಡು ಯೂಟ್ಯೂಬಿಗೆ ಏರಿತು. ಹೆಸರೂ ಹಾಕಿರಲಿಲ್ಲ. ತೆಗೆಸಲು ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಅದನ್ನು ಕೇಳಿ ಹುಡುಕಿಕೊಂಡು ಬಂದವರು ಎಂಟು ಜನ. ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯಲಿಲ್ಲ.

ದುಡ್ಡಿನ ವಿಷಯ. ಒಟ್ಟು 22 ಅಧ್ಯಾಯ. ಕೊನೆಯ ಕೆಲವನ್ನು ಕಳಿಸಲೇ ಇಲ್ಲ. ಎಲ್ಲಿಗೆ ನಿಲ್ಲಿಸಿದೆ ಅನ್ನುವುದನ್ನು ಹೇಳುವುದಿಲ್ಲ, ನಿಲ್ಲಿಸಿದ ರಾತ್ರಿ ಹತ್ತೂವರೆವರೆಗೆ ಫೋನ್ ಬಡಿದುಕೊಂಡಿತು ಅಂತ ಮಾತ್ರ ಹೇಳಬಲ್ಲೆ. ಮಾರನೆಯ ದಿನ ‘ಮುಂಗಡ 250, ಅಂಚೆ ಸೇರಿ’ ಎಂದು ಕಳಿಸಿದೆ. ಅಷ್ಟೊತ್ತಿಗೆ 31 ಇದ್ದದ್ದು ಬಾಯಿಂದ ಬಾಯಿಗೆ ಬೆಳೆದು ತೊಂಬತ್ತಕ್ಕೆ ಮುಟ್ಟಿತ್ತು. ಮುಳುಗಡೆ ಮನೆಗಳ ಮಕ್ಕಳು ಬೆಂಗಳೂರಲ್ಲಿ ಬೇಕಾದಷ್ಟಿದ್ದಾರೆ, ಒಬ್ಬರೇ 22 ಪ್ರತಿ ತಗೊಂಡರು. ಮೂರು ವಾರಕ್ಕೆ 262 ಪ್ರತಿಯ ದುಡ್ಡು ಕೈಗೆ ಬಂತು, 65 ಸಾವಿರ ಚಿಲ್ಲರೆ. ಪ್ರೆಸ್ಸಿನ ಬಿಲ್ಲು 58 ಸಾವಿರ. ಪುಸ್ತಕದ ಗುರುತಿನ ನಂಬರ್ ಐಎಸ್‌ಬಿಎನ್ ಪುಕ್ಕಟೆ, ಅದಕ್ಕೂ ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ಎಡವಿದ್ದು ಅಂಚೆಯಲ್ಲಿ. ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ನಾನು ಹಳೇ ಲೆಕ್ಕ ಹಿಡಿದು ಕೂತಿದ್ದೆ. ಪ್ರತಿಗೆ 80ರ ಹತ್ತಿರ ಬಿತ್ತು. 140 ಪ್ರತಿಯಾದ ಮೇಲೆ ಎಚ್ಚೆತ್ತು, ಉಳಿದದ್ದನ್ನು ಊರಿಗೊಂದು ಬಂಡಲ್ಲು ಕಟ್ಟಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ. ಹೊಸನಗರದ ಬಂಡಲ್ಲೊಂದು ತೀರ್ಥಹಳ್ಳಿ ನೋಡಿಕೊಂಡು ಮೂರನೇ ದಿನ ಮುಟ್ಟಿತು. ಮಿಕ್ಕ ಪ್ರತಿಗಳೆಲ್ಲ ಅಕ್ಟೋಬರಿನಿಂದೀಚೆಗೆ ಅಂಗಡಿ ಕೌಂಟರಿನಲ್ಲೇ ಹೋದವು. ಎಲ್ಲ ಕಳೆದು ಕೈಯಲ್ಲಿ ನಿಂತದ್ದು 40 ಸಾವಿರದ ಆಸುಪಾಸು. ಗೊಬ್ಬರ ಬಂತು.

ಇದೇನೂ ನನ್ನ ಹೊಸ ಶೋಧನೆಯಲ್ಲ. ಹಳೆಯ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಹರಿದು, ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಓದಿ ಮುಗಿಸಿದ್ದನ್ನೇ ಹಾಗೆ ಜೋಪಾನ ಮಾಡುವುದನ್ನು ಆ ಪ್ರಕಾಶಕರು ನೋಡಿರಲಿಕ್ಕಿಲ್ಲ.

ಈಗ ಓದುತ್ತಿರುವುದು ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನ. 1800–01ರಲ್ಲಿ ಈ ಸೀಮೆಯೆಲ್ಲ ಸುತ್ತಿ ಬರೆದದ್ದು, 1807ರಲ್ಲಿ ಮೂರು ಸಂಪುಟವಾಗಿ ಬಂತು. ಹೊಸ ಕಾದಂಬರಿ ಇಲ್ಲೇ ಪಕ್ಕದ ಇಕ್ಕೇರಿಯದು, ಹೈದರ್ ಅಲಿ ದಂಡೆತ್ತಿ ಬಂದ 1763ರ ಆಸುಪಾಸಿನದು. ಬುಕಾನನ್ ನಲವತ್ತು ವರ್ಷ ತಡವಾಗಿ ಬಂದವನು, ಆದರೆ ಮೆಣಸು, ಅಡಿಕೆ, ಭತ್ತದ ಲೆಕ್ಕ ಬಿಡದೆ ಕೇಳಿ ಬರೆದುಕೊಂಡಿದ್ದಾನೆ. ರಾಜರ ವಂಶಾವಳಿಗಿಂತ ನನಗೆ ಬೇಕಾದದ್ದು ಅದು. ದಿನಕ್ಕೆ ಏಳೆಂಟು ಪುಟ, ಅಂಗಡಿಯಲ್ಲಿ ಕರೆಂಟ್ ಹೋದಾಗ.

ಒಂಬತ್ತು ಅಧ್ಯಾಯ ಆಗಿದೆ, 23 ಸಾವಿರ ಪದ ಇರಬಹುದು. ಒಂಬತ್ತನೆಯದನ್ನು ಎರಡು ಸಲ ತಿದ್ದಿ ಕಳಿಸಿದ್ದೇನೆ. ಮೊನ್ನೆ ಭಾನುವಾರ ಆರೂ ಜನರಿಗೆ ಫೋನ್ ಮಾಡಿದೆ. ನಾಲ್ವರ ಕೈ ಎಲ್ಲೂ ನಿಂತಿಲ್ಲ. ದಾರಂದದ ಅಮ್ಮ ಕೇಳುತ್ತಾ ಕೇಳುತ್ತಾ ಒಂದು ಬುಟ್ಟಿ ಅಡಿಕೆ ಸುಲಿದು ಮುಗಿಸಿದರಂತೆ. “ಭಾರೀ ಚೊಲೋ ಕೆಲಸ ಆತು ತಂಗಿ” ಅಂದರು. ನಾಳೆ ಮತ್ತೆ ಮೊದಲಿಂದ ಬರೆಯಲು ಕೂರಬೇಕು.